ಬ್ಯಾಸ್ಕೆಟ್‌ಬಾಲ್‌ನಲ್ಲಿ ಪೋಸ್ಟ್ ಆಟ ಮತ್ತು ಫೌಲ್ ತೀರ್ಪು

ಪೋಸ್ಟ್ ಆಟ ಎಂದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಸಮೀಪದಲ್ಲಿ, ಬಹುಮಟ್ಟಿಗೆ ಬುಟ್ಟಿಗೆ ಬೆನ್ನು ಮಾಡಿ ನಿಂತ ಆಟಗಾರನು ತನ್ನ ಮೈಯನ್ನೇ ಅಡ್ಡವಾಗಿಸಿ ಎದುರಾಳಿಯನ್ನು ಹಿಂದೆ ಇರಿಸಿಕೊಂಡು ಚೆಂಡು ಪಡೆಯುವ, ಅಲ್ಲಿಂದ ಅಂಕ ಗಳಿಸುವ ಅಥವಾ ಸಹ ಆಟಗಾರರಿಗೆ ಚೆಂಡು ಹಂಚುವ ಆಟದ ಭಾಗ. ದಾಳಿಗಾರ ಮತ್ತು ರಕ್ಷಕ ಇಬ್ಬರೂ ಒಂದೇ ತುಂಡು ನೆಲಕ್ಕಾಗಿ ಮೈಗೆ ಮೈ ಒತ್ತಿ ಹೋರಾಡುವುದರಿಂದ, ಯಾವ ಸಂಪರ್ಕ ಸಹಜ, ಯಾವುದು ಫೌಲ್ ಎಂಬ ಪ್ರಶ್ನೆ ಇಲ್ಲಿ ಕ್ಷಣಕ್ಷಣಕ್ಕೂ ಏಳುತ್ತದೆ. ರೆಫರಿಗಳು ಅತಿ ಕಷ್ಟದ ತೀರ್ಪುಗಳನ್ನು ಕೊಡಬೇಕಾದ ಜಾಗಗಳಲ್ಲಿ ಇದು ಮುಖ್ಯವಾದದ್ದು.

ಹೆಸರು ಮತ್ತು ಪರಿಭಾಷೆ

ಬುಟ್ಟಿಯ ಎದುರಿಗೆ, ಎಂಡ್ ಲೈನ್‌ನಿಂದ ಫ್ರೀ ಥ್ರೋ ಗೆರೆಯವರೆಗೆ ಬಣ್ಣ ಬಳಿದ ಆಯತವನ್ನು ಆಟಗಾರರು ‘ಕೀ’ ಅಥವಾ ‘ಪೇಂಟ್’ ಎನ್ನುತ್ತಾರೆ. ಮೊದಲು ಈ ಪಟ್ಟಿ ಕಿರಿದಾಗಿದ್ದು, ಮೇಲುತುದಿಯ ವೃತ್ತದೊಡನೆ ಸೇರಿ ಬೀಗದ ಕೀಲಿರಂಧ್ರದಂತೆ ಕಾಣುತ್ತಿದ್ದುದರಿಂದ ‘ಕೀ’ ಎಂಬ ಹೆಸರು ಬಂತು. ಪಟ್ಟಿ ಅಗಲವಾಗಿ ಆ ಆಕಾರ ಅಳಿದರೂ ಹೆಸರು ಉಳಿದಿದೆ. ಬುಟ್ಟಿಯ ಪಕ್ಕದಲ್ಲಿ, ಕೀ ಅಂಚಿನ ಕೆಳಭಾಗವು ಲೋ ಪೋಸ್ಟ್; ಫ್ರೀ ಥ್ರೋ ಗೆರೆಯ ಸುತ್ತಲಿನ ಭಾಗ ಹೈ ಪೋಸ್ಟ್; ಇವೆರಡರ ನಡುವಿನದು ಮಿಡ್ ಪೋಸ್ಟ್. ಸಾಮಾನ್ಯವಾಗಿ ತಂಡದ ಎತ್ತರದ ಆಟಗಾರರಾದ ಸೆಂಟರ್ ಮತ್ತು ಪವರ್ ಫಾರ್ವರ್ಡ್ ಇಲ್ಲಿ ಆಡುತ್ತಾರೆ. ಆದರೆ ಪೋಸ್ಟ್ ಎಂಬುದು ಒಂದು ಜಾಗದ ಹೆಸರೇ ಹೊರತು ಆಟಗಾರನ ದರ್ಜೆಯ ಹೆಸರಲ್ಲ. ಬಲವುಳ್ಳ ಗಾರ್ಡ್ ಕೂಡ ತನಗಿಂತ ಚಿಕ್ಕ ಎದುರಾಳಿ ಸಿಕ್ಕಾಗ ಪೋಸ್ಟ್‌ಗೆ ಇಳಿಯುತ್ತಾನೆ.

ಈ ಲೇಖನದಲ್ಲಿ ‘ದಾಳಿಗಾರ’ ಎಂದರೆ ಚೆಂಡು ಹಿಡಿದ ತಂಡದ ಪೋಸ್ಟ್ ಆಟಗಾರ, ‘ರಕ್ಷಕ’ ಎಂದರೆ ಅವನನ್ನು ಕಾಯುವವನು. ಈ ಪದಗಳು ಮಹಿಳಾ ಆಟಕ್ಕೂ ಹಾಗೆಯೇ ಅನ್ವಯಿಸುತ್ತವೆ. ‘ಫಿಬಾ’ ಎಂಬುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ, ‘ಎನ್‌ಬಿಎ’ ಎಂಬುದು ಉತ್ತರ ಅಮೆರಿಕದ ವೃತ್ತಿಪರ ಲೀಗ್. ಎರಡರ ನಿಯಮಗಳು ಪೋಸ್ಟ್ ವಿಷಯದಲ್ಲಿ ಒಂದೇ ಅಲ್ಲ.

ಉಗಮ ಮತ್ತು ನಿಯಮಗಳ ಬೆಳವಣಿಗೆ

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ 13 ನಿಯಮಗಳೊಡನೆ ಈ ಆಟವನ್ನು ಆರಂಭಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ, ಫುಟ್‌ಬಾಲ್‌ನ ಒರಟುತನವಿಲ್ಲದ ಆಟ ಅವರಿಗೆ ಬೇಕಿತ್ತು. ಐದನೆಯ ನಿಯಮ ಎದುರಾಳಿಯನ್ನು ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಎಲ್ಲವನ್ನೂ ನಿಷೇಧಿಸಿತು. ಮೊದಲ ಸಲ ಮಾಡಿದರೆ ಫೌಲ್. ಎರಡನೆಯ ಸಲ ಮಾಡಿದವನು ಮುಂದಿನ ಗೋಲು ಬೀಳುವವರೆಗೆ ಹೊರಗೆ. ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ಸಿಗುತ್ತಿತ್ತು. ಚೆಂಡನ್ನು ನೋಡಿಕೊಳ್ಳಲು ರೆಫರಿ, ಆಟಗಾರರ ನಡತೆಯನ್ನು ನೋಡಿಕೊಳ್ಳಲು ಅಂಪೈರ್ ಎಂದು ಕೆಲಸ ಹಂಚಿದ್ದೂ ಆ ನಿಯಮಗಳಲ್ಲೇ. ಚೆಂಡಿನ ಮೇಲೊಬ್ಬರ ಕಣ್ಣು, ಮೈಗಳ ಮೇಲೊಬ್ಬರ ಕಣ್ಣು ಎಂಬ ಆ ವಿಭಜನೆ ಇಂದಿನ ರೆಫರಿ ಪದ್ಧತಿಗೂ ಬುನಾದಿಯಾಗಿದೆ.

ಬುಟ್ಟಿಗೆ ಬೆನ್ನು ಮಾಡಿ ನಿಂತು ಆಡುವ ಕ್ರಮ 1920ರ ದಶಕದಲ್ಲಿ ರೂಪುಗೊಂಡಿತು. ನ್ಯೂಯಾರ್ಕ್‌ನ ವೃತ್ತಿಪರ ತಂಡ ಒರಿಜಿನಲ್ ಸೆಲ್ಟಿಕ್ಸ್‌ನ ಹೆನ್ರಿ ‘ಡಚ್’ ಡೆನರ್ಟ್ ಫ್ರೀ ಥ್ರೋ ಗೆರೆಯ ಬಳಿ ಬೆನ್ನು ಮಾಡಿ ನಿಂತು ಚೆಂಡು ಪಡೆದು, ಸುತ್ತ ಓಡುವ ಸಂಗಡಿಗರಿಗೆ ಕೊಡುವ ಅಥವಾ ತಾನೇ ತಿರುಗಿ ಎಸೆಯುವ ‘ಪಿವಟ್ ಆಟ’ವನ್ನು ಜನಪ್ರಿಯಗೊಳಿಸಿದ. ಇದಕ್ಕೆ ತುಸು ಮೊದಲು, 1923–24ರ ಋತುವಿನಲ್ಲಿ, ಫೌಲ್‌ಗೆ ಗುರಿಯಾದವನೇ ಫ್ರೀ ಥ್ರೋ ಎಸೆಯಬೇಕೆಂಬ ನಿಯಮ ಅಮೆರಿಕದ ಕಾಲೇಜು ಆಟಕ್ಕೆ ಬಂದಿತ್ತು. ಅಲ್ಲಿಯವರೆಗೆ ತಂಡದ ಒಬ್ಬ ನುರಿತ ಎಸೆತಗಾರನೇ ಎಲ್ಲವನ್ನೂ ಎಸೆಯುವುದು ರೂಢಿ. ಸಣ್ಣದಾಗಿ ಕಾಣುವ ಈ ತಿದ್ದುಪಡಿಯಿಂದ ಪೋಸ್ಟ್ ಆಟಗಾರನ ಮೇಲೆ ಮಾಡುವ ಫೌಲ್‌ಗೆ ಹೊಸ ಲೆಕ್ಕಾಚಾರ ಹುಟ್ಟಿತು: ಎತ್ತರದವನು ಫ್ರೀ ಥ್ರೋದಲ್ಲಿ ದುರ್ಬಲನಾಗಿದ್ದರೆ ಅವನನ್ನು ಹಿಡಿದು ನಿಲ್ಲಿಸುವುದೇ ಲಾಭ.

ಬುಟ್ಟಿಯ ಕೆಳಗೆ ನೆಲೆಯೂರುವ ಎತ್ತರದವರನ್ನು ತಡೆಯಲು ಒಂದಾದ ಮೇಲೊಂದು ಕಟ್ಟಳೆ ಬಂದವು. 1932–33ರಲ್ಲಿ ಕೀ ಒಳಗೆ ಚೆಂಡು ಹಿಡಿದು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂದಾಯಿತು. 1935–36ರಲ್ಲಿ ಚೆಂಡು ಇಲ್ಲದಿದ್ದರೂ ದಾಳಿಗಾರ ಅಲ್ಲಿ ಮೂರು ಸೆಕೆಂಡು ಮೀರಿ ನಿಲ್ಲುವಂತಿಲ್ಲ ಎಂದು ಅದನ್ನು ವಿಸ್ತರಿಸಲಾಯಿತು. 1944–45ರಲ್ಲಿ ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ರಕ್ಷಕ ಮುಟ್ಟುವುದನ್ನು ನಿಷೇಧಿಸಲಾಯಿತು. ಜಾರ್ಜ್ ಮೈಕನ್ ಮತ್ತು ಬಾಬ್ ಕರ್ಲಂಡ್ ಎಂಬ ಇಬ್ಬರು ಎತ್ತರದ ಕಾಲೇಜು ಸೆಂಟರ್‌ಗಳು ಅದಕ್ಕೆ ಕಾರಣ. ಅದೇ ಋತುವಿನಲ್ಲಿ ಕಾಲೇಜು ಆಟಗಾರನ ಫೌಲ್ ಮಿತಿ ಐದಕ್ಕೆ ಏರಿತು.

ಮೈಕನ್ 2.08 ಮೀಟರ್ ಎತ್ತರದವ. ಮಿನಿಯಾಪೊಲಿಸ್ ಲೇಕರ್ಸ್ ಪರ ಆಡುತ್ತ ಆತ ಲೋ ಪೋಸ್ಟ್ ಅನ್ನು ವೃತ್ತಿಪರ ಆಟದ ಕೇಂದ್ರವಾಗಿಸಿದ. ಅವನನ್ನು ಬುಟ್ಟಿಯಿಂದ ದೂರ ನಿಲ್ಲಿಸಲೆಂದು ಎನ್‌ಬಿಎ 1951ರಲ್ಲಿ ಕೀ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿತು. ವಿಲ್ಟ್ ಚೇಂಬರ್ಲೇನ್‌ನ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು. ಫಿಬಾ ಬೇರೆ ಹಾದಿ ಹಿಡಿದು 1956ರಲ್ಲಿ ಕೀಗೆ ಎಂಡ್ ಲೈನ್‌ನ ಕಡೆ ಅಗಲವಾಗುವ ತ್ರಾಪಿಜ್ಯ ಆಕಾರ ಕೊಟ್ಟಿತು. ಕೆಳಭಾಗದಲ್ಲಿ 6 ಮೀಟರ್ ಅಗಲವಿದ್ದ ಆ ಕೀ ಪೋಸ್ಟ್ ಆಟಗಾರನನ್ನು ಬುಟ್ಟಿಯಿಂದ ಇನ್ನೂ ದೂರ ಅಟ್ಟಿತು. ಯುರೋಪಿನ ಸೆಂಟರ್‌ಗಳು ದೂರದ ಎಸೆತದಲ್ಲಿಯೂ ಚೆಂಡು ಹಂಚುವುದರಲ್ಲಿಯೂ ನುರಿತಿರಲು ಇದೂ ಒಂದು ಕಾರಣವೆಂದು ಹೇಳಲಾಗುತ್ತದೆ; ಲಿಥುವೇನಿಯದ ಅರ್ವಿದಾಸ್ ಸಬೋನಿಸ್ ಇದಕ್ಕೆ ಕೊಡುವ ಮೊದಲ ಉದಾಹರಣೆ. 2010ರಲ್ಲಿ ಫಿಬಾ ತ್ರಾಪಿಜ್ಯವನ್ನು ಬಿಟ್ಟು 4.9 ಮೀಟರ್ ಅಗಲ, 5.8 ಮೀಟರ್ ಉದ್ದದ ಆಯತಕ್ಕೆ ಮರಳಿತು.

ಡಂಕ್ ಮಾಡುವುದನ್ನೇ ಅಮೆರಿಕದ ಕಾಲೇಜು ಆಟ 1967ರಿಂದ 1976ರವರೆಗೆ ನಿಷೇಧಿಸಿತ್ತು. ಆಗ ಲ್ಯೂ ಆಲ್ಸಿಂಡರ್ ಎಂಬ ಹೆಸರಿದ್ದ ಕರೀಮ್ ಅಬ್ದುಲ್ ಜಬ್ಬಾರ್ ಕಾಲೇಜಿನಲ್ಲಿ ಆಡುತ್ತಿದ್ದ ಕಾಲವದು.

ದಾಳಿಯ ಕ್ರಮ

ಪೋಸ್ಟ್ ದಾಳಿ ಚೆಂಡು ಬರುವ ಮುಂಚೆಯೇ ಆರಂಭವಾಗುತ್ತದೆ. ದಾಳಿಗಾರ ಕಾಲುಗಳನ್ನು ಅಗಲಿಸಿ, ಸೊಂಟ ತಗ್ಗಿಸಿ, ರಕ್ಷಕನನ್ನು ಬೆನ್ನ ಹಿಂದೆ ಇಟ್ಟುಕೊಂಡು, ಚೆಂಡು ಬರಬೇಕಾದ ಕಡೆಗೆ ಕೈ ಚಾಚುತ್ತಾನೆ. ಇದಕ್ಕೆ ‘ಸೀಲ್’ ಎಂದು ಹೆಸರು. ಯಾರ ಸೊಂಟ ತಗ್ಗಿದೆಯೋ ಅವನನ್ನು ಕದಲಿಸುವುದು ಕಷ್ಟವಾದ್ದರಿಂದ ಎತ್ತರಕ್ಕಿಂತ ಕಾಲಿನ ನಿಲುವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚೆಂಡು ಕೈಗೆ ಬಂದ ಮೇಲೆ ಒಂದೆರಡು ಡ್ರಿಬಲ್ ಮಾಡುತ್ತ ಬೆನ್ನಿನಿಂದ ಒತ್ತಿಕೊಂಡು ಬುಟ್ಟಿಯತ್ತ ಸರಿಯುವುದು, ಒಂದು ಕಾಲನ್ನು ಹಿಂದಕ್ಕೆ ಹಾಕಿ ರಕ್ಷಕನನ್ನು ಸುತ್ತುವ ಡ್ರಾಪ್ ಸ್ಟೆಪ್, ಒಂದೇ ಕೈಯನ್ನು ಕಮಾನಿನಂತೆ ಎತ್ತಿ ಎಸೆಯುವ ಹುಕ್ ಶಾಟ್, ತಿರುಗಿ ಹಾರಿ ಎಸೆಯುವ ಟರ್ನ್‌ಅರೌಂಡ್, ಎಸೆಯುವಂತೆ ತೋರಿಸಿ ರಕ್ಷಕ ಹಾರಿದಾಗ ಅವನ ತೋಳಿನ ಕೆಳಗೆ ನುಸುಳುವುದು ಮುಖ್ಯ ಪಟ್ಟುಗಳು.

ಅಬ್ದುಲ್ ಜಬ್ಬಾರ್‌ನ ಸ್ಕೈಹುಕ್, ನೈಜೀರಿಯದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿ ಪಾದಚಲನೆ ಕಲಿತಿದ್ದ ಹಕೀಮ್ ಒಲಾಜುವಾನ್‌ನ ‘ಡ್ರೀಮ್ ಶೇಕ್’, ಕೆವಿನ್ ಮೆಕ್‌ಹೇಲ್‌ನ ನುಸುಳು ಪಟ್ಟು, ಬೋರ್ಡಿಗೆ ತಾಗಿಸಿ ಎಸೆಯುವ ಟಿಮ್ ಡಂಕನ್‌ನ ಎಸೆತ ಇವು ಆಯಾ ಆಟಗಾರರ ಗುರುತಾಗಿ ಉಳಿದಿವೆ. ಶಕೀಲ್ ಓ’ನೀಲ್ ಇವರೆಲ್ಲರಿಗಿಂತ ಭಿನ್ನ. 2.16 ಮೀಟರ್ ಎತ್ತರ, 136 ಕಿಲೋಗ್ರಾಮಿಗೂ ಮೀರಿದ ತೂಕದ ಆತನ ಆಟ ಪಟ್ಟಿಗಿಂತ ಬಲದ ಮೇಲೆ ನಿಂತಿತ್ತು. ಅವನ ವಿಷಯದಲ್ಲಿ ನ್ಯಾಯವಾದ ಫೌಲ್ ತೀರ್ಪು ಯಾವುದೆಂಬುದು ಅವನ ವೃತ್ತಿಜೀವನದುದ್ದಕ್ಕೂ ಚರ್ಚೆಯಾಗುತ್ತಲೇ ಇತ್ತು.

ರಕ್ಷಣೆಯ ಕ್ರಮ

ರಕ್ಷಕ ದಾಳಿಗಾರನ ಹಿಂದೆ ನಿಲ್ಲಬಹುದು, ಅವನಿಗೂ ಚೆಂಡಿಗೂ ನಡುವೆ ಮುಂದೆ ನಿಲ್ಲಬಹುದು, ಅಥವಾ ಒಂದು ಮಗ್ಗುಲಿಗೆ ಅರ್ಧ ಮುಂದಾಗಿ ನಿಂತು ಒಂದು ಕೈಯಿಂದ ಪಾಸ್ ತಡೆಯಬಹುದು. ಹಿಂದೆ ನಿಂತರೆ ಪಾಸ್ ಸುಲಭ, ಮುಂದೆ ನಿಂತರೆ ತಲೆಯ ಮೇಲಿಂದ ಪಾಸ್ ಬೀಳುವ ಭಯ. ಬಲಿಷ್ಠ ದಾಳಿಗಾರನಾದರೆ ಎರಡನೆಯ ರಕ್ಷಕ ಬಂದು ಸೇರುತ್ತಾನೆ. ದಾಳಿಗಾರ ತನ್ನ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಒರಗಿದ್ದಾಗ ರಕ್ಷಕ ಥಟ್ಟನೆ ಹಿಂದೆ ಸರಿದರೆ ದಾಳಿಗಾರ ಆಯ ತಪ್ಪಿ ಬೀಳುತ್ತಾನೆ ಅಥವಾ ಹೆಜ್ಜೆ ತಪ್ಪಿ ಟ್ರಾವೆಲಿಂಗ್ ಮಾಡುತ್ತಾನೆ. ಇದು ಫೌಲ್ ಅಲ್ಲ. ತಾನು ಸಂಪರ್ಕವನ್ನು ಬಿಟ್ಟವನು ತಪ್ಪಿತಸ್ಥನಾಗುವುದಿಲ್ಲ.

ಸಂಪರ್ಕದ ತತ್ತ್ವ

ಹತ್ತು ಮಂದಿ ಇಕ್ಕಟ್ಟಿನ ಜಾಗದಲ್ಲಿ ವೇಗವಾಗಿ ಓಡಾಡುವಾಗ ಮೈ ತಾಗುವುದು ತಪ್ಪದು ಎಂಬುದನ್ನು ಫಿಬಾ ನಿಯಮ ಪುಸ್ತಕವೇ ಒಪ್ಪುತ್ತದೆ. ಆದ್ದರಿಂದ ತಾಗಿತೇ ಎಂಬುದು ರೆಫರಿ ಕೇಳಿಕೊಳ್ಳುವ ಕೊನೆಯ ಪ್ರಶ್ನೆಯಲ್ಲ. ತಾಗಿದ್ದರಿಂದ ಯಾರಾದರೂ ತಮ್ಮ ನ್ಯಾಯವಾದ ಜಾಗ ಕಳೆದುಕೊಂಡರೇ, ಅವರ ಚಲನೆಗೆ ಅಡ್ಡಿಯಾಯಿತೇ, ತಾಗಿಸಿದವರಿಗೆ ಅನುಚಿತ ಲಾಭವಾಯಿತೇ ಎಂಬುವೇ ನಿರ್ಣಾಯಕ. ಪೋಸ್ಟ್ ಆಟದ ತೀರ್ಪುಗಳೆಲ್ಲ ಈ ಒಂದು ಭೇದದ ಮೇಲೆ ನಿಂತಿವೆ: ಒತ್ತುವುದು ಆಟ, ಕದಲಿಸುವುದು ಫೌಲ್.

ಕದಲಿಸಿದ್ದನ್ನು ಅಳೆಯಬೇಕಾದರೆ ಆಟಗಾರನ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕಾಗಿ ‘ಸಿಲಿಂಡರ್ ತತ್ತ್ವ’ವಿದೆ. ನೆಲದ ಮೇಲೆ ನಿಂತ ಪ್ರತಿ ಆಟಗಾರನ ಸುತ್ತ ಕಣ್ಣಿಗೆ ಕಾಣದ ಕಂಬದಾಕಾರದ ಜಾಗವೊಂದಿದೆಯೆಂದು ನಿಯಮ ಕಲ್ಪಿಸಿಕೊಳ್ಳುತ್ತದೆ. ಮುಂದೆ ಅಂಗೈಗಳು, ಹಿಂದೆ ಪೃಷ್ಠ, ಪಕ್ಕಗಳಲ್ಲಿ ತೋಳು ಮತ್ತು ಕಾಲುಗಳ ಹೊರ ಅಂಚು ಅದರ ಮೇರೆಗಳು. ಮುಂದೆ ಚಾಚಿದ ಕೈಗಳು ಮೊಣಕೈಯಲ್ಲಿ ಮಡಿಚಿರಬೇಕು, ಪಾದ ಮತ್ತು ಮಂಡಿಗಳ ಮಟ್ಟವನ್ನು ದಾಟಬಾರದು. ಆ ಕಂಬದ ಮೇಲಿನ ಆಕಾಶವೂ ಆ ಆಟಗಾರನದೇ. ಅವನು ನೇರ ಮೇಲಕ್ಕೆ ಹಾರಿ ಕೈಗಳನ್ನು ನೆಟ್ಟಗೆ ಎತ್ತಿದರೆ, ಎದುರಾಳಿ ಬಂದು ಡಿಕ್ಕಿ ಹೊಡೆದರೂ ಅವನದು ತಪ್ಪಲ್ಲ. ಇದು ‘ಲಂಬ ತತ್ತ್ವ’. 2010ರ ದಶಕದ ಮೊದಲ ವರ್ಷಗಳಲ್ಲಿ ಇಂಡಿಯಾನಾ ಪೇಸರ್ಸ್‌ನ ಸೆಂಟರ್ ರಾಯ್ ಹಿಬ್ಬರ್ಟ್ ಈ ತತ್ತ್ವವನ್ನೇ ರಕ್ಷಣೆಯ ಮುಖ್ಯ ಉಪಾಯವಾಗಿಸಿಕೊಂಡಿದ್ದ. ಹಾರುವಾಗ ಮೈ ಮುಂದಕ್ಕೆ ವಾಲಿದರೆ, ಕೈ ಕೆಳಕ್ಕೆ ಬಂದರೆ ಆ ರಕ್ಷೆ ತಪ್ಪಿಹೋಗುತ್ತದೆ.

ಪೋಸ್ಟ್ ಆಟಕ್ಕೆ ಫಿಬಾ ಪ್ರತ್ಯೇಕ ವಿಧಿಯನ್ನೇ ಇಟ್ಟಿದೆ. ಅದರ ಪ್ರಕಾರ ದಾಳಿಗಾರ ಮತ್ತು ರಕ್ಷಕ ಇಬ್ಬರೂ ಪರಸ್ಪರರ ಸಿಲಿಂಡರ್ ಅನ್ನು ಗೌರವಿಸಬೇಕು. ಭುಜದಿಂದಾಗಲಿ ಸೊಂಟದಿಂದಾಗಲಿ ಎದುರಾಳಿಯನ್ನು ಜಾಗದಿಂದ ಸರಿಸುವುದು, ಚಾಚಿದ ತೋಳು, ಕಾಲು ಅಥವಾ ಮೈಯ ಬೇರೆ ಭಾಗದಿಂದ ಅವನ ಚಲನೆಗೆ ಅಡ್ಡಿ ಮಾಡುವುದು ಫೌಲ್. ವಿಧಿ ಇಬ್ಬರಿಗೂ ಸಮಾನ ಎಂಬುದು ಗಮನಿಸಬೇಕಾದ ಸಂಗತಿ. ಪ್ರೇಕ್ಷಕರ ಕಣ್ಣಿಗೆ ರಕ್ಷಕನ ತಪ್ಪು ಬೇಗ ಬೀಳುತ್ತದೆ, ದಾಳಿಗಾರನದು ಬೇಗ ಬೀಳುವುದಿಲ್ಲ.

ಎನ್‌ಬಿಎ ನಿಯಮ ಹೆಚ್ಚು ಕೂಲಂಕಷವಾಗಿದ್ದು, ಕೆಲವು ಸಂಪರ್ಕಗಳಿಗೆ ಬಹಿರಂಗ ಅನುಮತಿ ಕೊಡುತ್ತದೆ. ಚೆಂಡು ಹಿಡಿದವನಿಗೆ ರಕ್ಷಕ ಕೈ ತಾಗಿಸಬಾರದೆಂಬುದು ಸಾಮಾನ್ಯ ನಿಯಮ. ಆದರೆ ಬುಟ್ಟಿಯ ಸುತ್ತ ‘ಲೋವರ್ ಡಿಫೆನ್ಸಿವ್ ಬಾಕ್ಸ್’ ಎಂದು ಗುರುತಿಸಿದ ಪ್ರದೇಶದಲ್ಲಿ ಪೋಸ್ಟ್‌ನಲ್ಲಿ ನಿಂತ ದಾಳಿಗಾರನ ಮೇಲೆ ರಕ್ಷಕ ಮುಂಗೈಯನ್ನು, ಅಥವಾ ಮೊಣಕೈ ಮಡಿಚಿದ ಒಂದು ಕೈಯನ್ನು ಇಡಬಹುದು. ತನ್ನ ಕಾಲನ್ನು ದಾಳಿಗಾರನ ಎರಡು ಕಾಲುಗಳ ನಡುವೆ ಇರಿಸಬಹುದು. ಇವೆಲ್ಲ ತನ್ನ ಜಾಗವನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ. ನಡುವೆ ಇಟ್ಟ ಕಾಲಿನ ಪಾದ ಎದುರಾಳಿಯನ್ನು ಎಬ್ಬಿಸಲು ನೆಲ ಬಿಟ್ಟ ತಕ್ಷಣ ಅದು ಫೌಲ್.

ಪೋಸ್ಟ್‌ನಲ್ಲಿ ಕಾಣುವ ಫೌಲ್‌ಗಳು

ರಕ್ಷಕನ ಕಡೆಯಿಂದ ಹೆಚ್ಚಾಗಿ ಆಗುವುದು ಮಂಡಿಯಿಂದಲೋ ತೊಡೆಯಿಂದಲೋ ದಾಳಿಗಾರನ ಹಿಂಭಾಗವನ್ನು ಮೇಲೆತ್ತಿ ಕದಲಿಸುವುದು, ಮುಂಗೈಯನ್ನು ನೇರ ಮಾಡಿ ತಳ್ಳುವುದು, ಮುಂದೆ ಬಂದು ನಿಲ್ಲುವ ಅವಸರದಲ್ಲಿ ದಾಳಿಗಾರನ ತೋಳಿನ ಮೇಲಿಂದ ಕೈ ಹಾಕಿ ಹಿಡಿಯುವುದು, ಎಸೆಯುವಾಗ ಮಣಿಕಟ್ಟಿಗೆ ಹೊಡೆಯುವುದು. ಚೆಂಡಿಗೆ ಕೈ ಹಾಕುವ ನೆಪದಲ್ಲಿ ಹಿಂದಿನಿಂದ ಮೈಮೇಲೆ ಬೀಳುವುದನ್ನು ಫಿಬಾ ‘ಹಿಂದಿನಿಂದ ಅಕ್ರಮ ರಕ್ಷಣೆ’ ಎಂದು ಬೇರೆಯಾಗಿ ಹೆಸರಿಸಿದೆ. ಚೆಂಡನ್ನು ಮುಟ್ಟಲು ಯತ್ನಿಸುತ್ತಿದ್ದೆ ಎಂಬ ಸಮರ್ಥನೆ ಅಲ್ಲಿ ನಡೆಯದು.

ದಾಳಿಗಾರನ ತಪ್ಪುಗಳು ಹೆಚ್ಚು ನಾಜೂಕಿನವು. ಸೀಲ್ ಮಾಡುವಾಗ ಕೈಯನ್ನು ಹಿಂದಕ್ಕೆ ಚಾಚಿ ರಕ್ಷಕನ ತೊಡೆ ಅಥವಾ ಸೊಂಟವನ್ನು ಕೊಕ್ಕೆಯಂತೆ ಹಿಡಿದಿಡುವುದು ಒಂದು. ತಿರುಗುವಾಗ ಚೆಂಡಿಲ್ಲದ ಕೈಯ ಮೊಣಕೈಯನ್ನು ರಕ್ಷಕನಿಗೆ ಸಿಕ್ಕಿಸಿ ಅದನ್ನೇ ಸನ್ನೆಗೋಲಾಗಿ ಬಳಸುವುದು ಇನ್ನೊಂದು. ಭುಜ ತಗ್ಗಿಸಿ, ಒಂದು ಹೆಜ್ಜೆಯಷ್ಟು ಅಂತರ ಮಾಡಿಕೊಂಡು ಮತ್ತೆ ಎದೆಗೆ ಗುದ್ದುವುದು ಮೂರನೆಯದು. ಬೆನ್ನು ರಕ್ಷಕನಿಗೆ ತಾಗಿಕೊಂಡೇ ಇದ್ದು ನಿಧಾನವಾಗಿ ಒತ್ತಡ ಹೆಚ್ಚಿಸುವುದಕ್ಕೂ, ಬಿಟ್ಟು ಬಂದು ಗುದ್ದುವುದಕ್ಕೂ ವ್ಯತ್ಯಾಸವಿದೆ. ಗುದ್ದಿನಿಂದ ರಕ್ಷಕನ ಪಾದಗಳು ಹಿಂದೆ ಸರಿದರೆ ಅದು ದಾಳಿಗಾರನ ಫೌಲ್. ರಕ್ಷಕ ತಾನಾಗಿ ಹಿಂದೆ ಹೆಜ್ಜೆ ಇಟ್ಟರೆ ಅಲ್ಲ.

ಇಬ್ಬರೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ಹಿಡಿದು ಜಗ್ಗಾಡಿದರೆ ಇಬ್ಬರ ಮೇಲೂ ಡಬಲ್ ಫೌಲ್ ದಾಖಲಾಗುತ್ತದೆ, ಫ್ರೀ ಥ್ರೋ ಇರುವುದಿಲ್ಲ. ಫೌಲ್ ಆಯಿತೆಂದು ನಟಿಸಿ ಬೀಳುವುದು ‘ಫ್ಲಾಪಿಂಗ್’. ಎನ್‌ಬಿಎ 2012–13ರಿಂದ ಇದಕ್ಕೆ ದಂಡ ಹಾಕುತ್ತ ಬಂದಿದ್ದು, 2023–24ರಿಂದ ಪಂದ್ಯದ ನಡುವೆಯೇ ಟೆಕ್ನಿಕಲ್ ಫೌಲ್ ಕೊಟ್ಟು ಎದುರಾಳಿಗೆ ಒಂದು ಫ್ರೀ ಥ್ರೋ ನೀಡುತ್ತಿದೆ.

ರೆಫರಿಯ ಕೆಲಸ

ಮೂವರು ರೆಫರಿಗಳ ಪದ್ಧತಿಯಲ್ಲಿ ಎಂಡ್ ಲೈನ್ ಬಳಿ ನಿಲ್ಲುವವರನ್ನು ‘ಲೀಡ್’ ಎನ್ನುತ್ತಾರೆ. ಲೋ ಪೋಸ್ಟ್ ಮುಖ್ಯವಾಗಿ ಇವರ ಪಾಲು. ಇನ್ನಿಬ್ಬರು ಮೇಲ್ಭಾಗದಿಂದ ಮತ್ತು ಪಕ್ಕದಿಂದ ನೋಡುತ್ತಾರೆ. ಎನ್‌ಬಿಎ 1978–79ರಲ್ಲಿ ಮೂರನೆಯ ರೆಫರಿಯನ್ನು ಒಂದು ಋತುವಿನ ಮಟ್ಟಿಗೆ ಪರೀಕ್ಷಿಸಿ ಕೈಬಿಟ್ಟು, 1988–89ರಿಂದ ಕಾಯಂ ಮಾಡಿತು.

ಲೀಡ್ ರೆಫರಿ ಚೆಂಡಿನ ಹಿಂದೆ ಕಣ್ಣು ಹಾಯಿಸುವಂತಿಲ್ಲ. ಇಬ್ಬರ ಮೈಗಳ ನಡುವಿನ ಸಂದು ಕಾಣುವಂತೆ ನಿಲ್ಲುವುದೇ ಅವರ ಮೊದಲ ಕೆಲಸ. ಬೆನ್ನ ಹಿಂದಿನಿಂದ ನೋಡಿದರೆ ಎರಡು ಮೈ ಒಂದಾಗಿ ಕಾಣುತ್ತದೆ, ತಳ್ಳಿದವನು ಯಾರೆಂದು ತಿಳಿಯದು. ಚೆಂಡು ಇನ್ನೊಂದು ಮಗ್ಗುಲಿನ ಪೋಸ್ಟ್‌ಗೆ ಹೋಗುವ ಸೂಚನೆ ಸಿಕ್ಕಿದೊಡನೆ ಲೀಡ್ ಎಂಡ್ ಲೈನ್ ಉದ್ದಕ್ಕೂ ಆ ಕಡೆಗೆ ಸರಿಯುವುದು ಇದೇ ಕಾರಣಕ್ಕೆ.

ಸಂಪರ್ಕವನ್ನು ಆರಂಭದಿಂದ ಅಂತ್ಯದವರೆಗೆ ನೋಡಿ ಆಮೇಲೆ ಸೀಟಿ ಊದುವುದು ಅಂಗೀಕೃತ ಕ್ರಮ. ದಾಳಿಗಾರ ಎಸೆಯುವ ಹೊತ್ತಿಗೆ ಮುಂಗೈ ತಾಗಿತು ಎಂಬುದಷ್ಟೇ ಕಂಡರೆ ಸಾಲದು. ಅದಕ್ಕೂ ಮೊದಲು ದಾಳಿಗಾರನೇ ಭುಜದಿಂದ ಜಾಗ ಮಾಡಿಕೊಂಡಿದ್ದನೇ ಎಂಬುದೂ ಕಂಡಿರಬೇಕು. ಪೋಸ್ಟ್‌ನಲ್ಲಿ ಎರಡನೆಯ ತಪ್ಪನ್ನು ಹಿಡಿದು ಮೊದಲನೆಯದನ್ನು ಬಿಟ್ಟುಬಿಡುವ ಅಪಾಯ ಸದಾ ಇರುತ್ತದೆ. ಪಂದ್ಯದ ಆರಂಭದ ನಿಮಿಷಗಳಲ್ಲೇ ಒರಟು ಸಂಪರ್ಕಕ್ಕೆ ಸೀಟಿ ಊದಿದರೆ ಆಟಗಾರರು ಮಿತಿ ಅರಿತುಕೊಳ್ಳುತ್ತಾರೆ. ಬಿಟ್ಟರೆ ಎರಡನೆಯ ಅರ್ಧದಲ್ಲಿ ಅದೇ ಜಗಳವಾಗುತ್ತದೆ. ಚೆಂಡು ಬರುವ ಮೊದಲೇ ಕೈ ತೆಗೆಯುವಂತೆ ಇಬ್ಬರಿಗೂ ಮಾತಿನಲ್ಲಿ ಎಚ್ಚರಿಸುವುದು ಅನುಭವಿ ರೆಫರಿಗಳ ರೂಢಿ.

ದೇಹಗಾತ್ರದ ಪ್ರಶ್ನೆ ಇಲ್ಲಿ ತೊಡಕಿನದು. ಒಂದೇ ಬಲದ ಗುದ್ದು ಹಗುರ ಆಟಗಾರನನ್ನು ಎರಡು ಹೆಜ್ಜೆ ಹಿಂದೆ ಸರಿಸಿದರೆ ಓ’ನೀಲ್‌ನಂಥವನನ್ನು ಕದಲಿಸದು. ಕದಲಿದರೆ ಮಾತ್ರ ಫೌಲ್ ಎಂಬ ಅಳತೆಯಲ್ಲಿ ಭಾರಿ ಆಟಗಾರನಿಗೆ ಬೀಳುವ ಪೆಟ್ಟುಗಳಿಗೆ ಸೀಟಿ ಸಿಗುವುದು ಕಡಿಮೆ. ಅವನು ಕೊಡುವ ಸಾಮಾನ್ಯ ಒತ್ತಡವೂ ಎದುರಾಳಿಯನ್ನು ಬೀಳಿಸಬಹುದು. ಲಾಭ–ನಷ್ಟದ ತತ್ತ್ವ ನ್ಯಾಯವಾದದ್ದೇ ಆದರೂ ಈ ಎರಡು ತುದಿಗಳಲ್ಲಿ ಅದು ಸಮನಾಗಿ ಕೆಲಸ ಮಾಡುವುದಿಲ್ಲ.

ತೀರ್ಪನ್ನು ಸ್ಕೋರರ್ ಮೇಜಿಗೆ ತಿಳಿಸಲು ನಿಗದಿತ ಸನ್ನೆಗಳಿವೆ: ತಳ್ಳಿದ್ದಕ್ಕೆ ಎರಡೂ ಕೈಗಳಿಂದ ಗಾಳಿಯನ್ನು ನೂಕುವುದು, ಹಿಡಿದದ್ದಕ್ಕೆ ತನ್ನ ಮಣಿಕಟ್ಟನ್ನು ಹಿಡಿದು ತೋರಿಸುವುದು, ಅಡ್ಡಗಟ್ಟಿದ್ದಕ್ಕೆ ಸೊಂಟದ ಮೇಲೆ ಕೈ, ಚೆಂಡಿನೊಡನೆ ನುಗ್ಗಿದ್ದಕ್ಕೆ ಮುಷ್ಟಿಯಿಂದ ಅಂಗೈಗೆ ಗುದ್ದುವುದು.

2015ರಿಂದ ಎನ್‌ಬಿಎ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಮರುಪರಿಶೀಲಿಸಿ, ತಪ್ಪಾದವುಗಳನ್ನೂ ಸೇರಿಸಿ ಸಾರ್ವಜನಿಕ ವರದಿ ಪ್ರಕಟಿಸುತ್ತಿದೆ. 2019–20ರಿಂದ ಕೋಚ್‌ಗೆ ತೀರ್ಪನ್ನು ಪ್ರಶ್ನಿಸುವ ಅವಕಾಶವೂ ಇದೆ.

ದಂಡ

ಫಿಬಾ ಪಂದ್ಯದಲ್ಲಿ ಐದು, ಎನ್‌ಬಿಎಯಲ್ಲಿ ಆರು ಫೌಲ್ ಆದ ಆಟಗಾರ ಹೊರಹೋಗಬೇಕು. ಎಸೆಯುತ್ತಿರುವಾಗ ಫೌಲ್ ಆಗಿ ಬುಟ್ಟಿ ಬೀಳದಿದ್ದರೆ ಎರಡು ಫ್ರೀ ಥ್ರೋ, ಬಿದ್ದರೆ ಅಂಕದೊಡನೆ ಇನ್ನೊಂದು ಫ್ರೀ ಥ್ರೋ. ಎಸೆಯದಿದ್ದಾಗಿನ ರಕ್ಷಕನ ಫೌಲ್‌ಗೆ ಹೊರಗಿನಿಂದ ಚೆಂಡು. ಫಿಬಾದಲ್ಲಿ ಕ್ವಾರ್ಟರ್‌ನ ಐದನೆಯ ತಂಡ ಫೌಲ್‌ನಿಂದ ಮುಂದಕ್ಕೆ ಅದಕ್ಕೂ ಎರಡು ಫ್ರೀ ಥ್ರೋ. ಚೆಂಡು ತನ್ನ ತಂಡದ ಬಳಿ ಇರುವಾಗ ದಾಳಿಗಾರ ಮಾಡಿದ ಫೌಲ್‌ಗೆ ಫ್ರೀ ಥ್ರೋ ಇಲ್ಲ, ಚೆಂಡು ಎದುರಾಳಿಗೆ. ಪೋಸ್ಟ್ ರಕ್ಷಕನಿಗೆ ಮೊದಲಾರ್ಧದಲ್ಲೇ ಎರಡು ಮೂರು ಫೌಲ್ ಬಿದ್ದರೆ ಕೋಚ್ ಅವನನ್ನು ಬೆಂಚಿಗೆ ಕರೆಸಿಕೊಳ್ಳುವುದು ಸಾಮಾನ್ಯ. ಎದುರಾಳಿಯ ಉತ್ತಮ ಸೆಂಟರ್ ಅನ್ನು ಹೀಗೆ ಹೊರಗೆ ಕೂರಿಸುವುದೂ ಪೋಸ್ಟ್ ದಾಳಿಯ ಉದ್ದೇಶಗಳಲ್ಲಿ ಒಂದು.

ಬೇಕೆಂದೇ ಮಾಡುವ ಫೌಲ್

ಚೇಂಬರ್ಲೇನ್ ತನ್ನ ವೃತ್ತಿಜೀವನದಲ್ಲಿ ಹಾಕಿದ ಫ್ರೀ ಥ್ರೋ ಶೇ 51.1, ಓ’ನೀಲ್ ಹಾಕಿದ್ದು ಶೇ 52.7. ಇಂಥವರನ್ನು ಚೆಂಡಿಲ್ಲದಿದ್ದರೂ ಹಿಡಿದು ಫ್ರೀ ಥ್ರೋಗೆ ಕಳಿಸುವ ತಂತ್ರವನ್ನು ಡಲ್ಲಾಸ್ ಕೋಚ್ ಡಾನ್ ನೆಲ್ಸನ್ 1997ರ ಡಿಸೆಂಬರ್‌ನಲ್ಲಿ ಶಿಕಾಗೊದ ಡೆನಿಸ್ ರಾಡ್‌ಮನ್ ಮೇಲೆ ಪ್ರಯೋಗಿಸಿದರು. ಆ ಕೆಲಸಕ್ಕೆ ಕಳಿಸಿದ ಬಬ್ಬಾ ವೆಲ್ಸ್ ಮೂರು ನಿಮಿಷದೊಳಗೆ ಆರು ಫೌಲ್ ಮಾಡಿ ಹೊರಹೋದ. ಮುಂದೆ ಇದು ಓ’ನೀಲ್ ಹೆಸರಿಗೇ ಅಂಟಿ ‘ಹ್ಯಾಕ್ ಎ ಶಾಕ್’ ಎನಿಸಿತು. 2000ದ ಫೈನಲ್ಸ್‌ನ ಎರಡನೆಯ ಪಂದ್ಯದಲ್ಲಿ ಆತ 39 ಫ್ರೀ ಥ್ರೋ ಎಸೆದು 18 ಹಾಕಿದ. 2012ರ ಜನವರಿಯಲ್ಲಿ ಡ್ವೈಟ್ ಹೊವಾರ್ಡ್ ಒಂದೇ ಪಂದ್ಯದಲ್ಲಿ 39 ಎಸೆದು 21 ಹಾಕಿದ. 2016ರ ಜನವರಿಯಲ್ಲಿ ಆಂಡ್ರೆ ಡ್ರಮಂಡ್ 36ರಲ್ಲಿ 23 ತಪ್ಪಿಸಿದ. ಆಟ ನಿಂತು ನಿಂತು ಸಾಗುವುದನ್ನು ತಡೆಯಲು, ಚೆಂಡಿನಿಂದ ದೂರದ ಫೌಲ್‌ಗೆ ಒಂದು ಫ್ರೀ ಥ್ರೋ ಜತೆಗೆ ಚೆಂಡನ್ನೂ ಕೊಡುವ ನಿಯಮವನ್ನು ಎನ್‌ಬಿಎ 2016–17ರಿಂದ ಪ್ರತಿ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಗಳಿಗೆ ವಿಸ್ತರಿಸಿತು. ಮೊದಲು ಅದು ಪಂದ್ಯದ ಕೊನೆಯ ಎರಡು ನಿಮಿಷಗಳಿಗೆ ಸೀಮಿತವಾಗಿತ್ತು.

3x3 ಆಟ

ಅರ್ಧ ಅಂಕಣದಲ್ಲಿ 12 ಸೆಕೆಂಡಿನ ಶಾಟ್ ಕ್ಲಾಕ್‌ನೊಡನೆ ಆಡುವ 3x3ರಲ್ಲಿ ಪೋಸ್ಟ್ ಸಂಪರ್ಕ ಇನ್ನೂ ಒರಟು. ವೈಯಕ್ತಿಕ ಫೌಲ್‌ಗಳ ಸಂಖ್ಯೆಯ ಕಾರಣಕ್ಕೆ ಅಲ್ಲಿ ಯಾರೂ ಹೊರಹೋಗುವುದಿಲ್ಲ, ತಂಡದ ಲೆಕ್ಕ ಮಾತ್ರ. ಏಳನೆಯ ಫೌಲ್‌ನಿಂದ ಎರಡು ಫ್ರೀ ಥ್ರೋ, ಹತ್ತನೆಯದರಿಂದ ಅದರೊಡನೆ ಚೆಂಡೂ ಎದುರಾಳಿಗೆ.

ಇಂದಿನ ಸ್ಥಿತಿ

ಎನ್‌ಬಿಎಯಲ್ಲಿ ಪೋಸ್ಟ್ ಆಟದ ಪ್ರಮಾಣ ಕುಗ್ಗಿದೆ. ಇದಕ್ಕೆ ನಿಯಮಗಳ ಪಾಲೂ ಇದೆ. ಫ್ರೀ ಥ್ರೋ ಗೆರೆಯ ಮಟ್ಟದಿಂದ ಕೆಳಗೆ ಬುಟ್ಟಿಗೆ ಬೆನ್ನು ಅಥವಾ ಮಗ್ಗುಲು ಮಾಡಿ ಐದು ಸೆಕೆಂಡಿಗಿಂತ ಹೆಚ್ಚು ಡ್ರಿಬಲ್ ಮಾಡಬಾರದೆಂದು 1999ರಲ್ಲಿ ನಿಯಮವಾಯಿತು. ನಿಧಾನವಾಗಿ ಒತ್ತಿಕೊಂಡೇ ಹೋಗುತ್ತಿದ್ದ ಚಾರ್ಲ್ಸ್ ಬಾರ್ಕ್‌ಲಿಯ ಹೆಸರಿನಿಂದ ಅದನ್ನು ಕರೆಯುತ್ತಾರೆ. 2001ರಲ್ಲಿ ಜೋನ್ ರಕ್ಷಣೆಗೆ ಅವಕಾಶ ಸಿಕ್ಕಿದ್ದರಿಂದ ಪೋಸ್ಟ್ ದಾಳಿಗಾರನ ಸುತ್ತ ಇಬ್ಬರು ಮೂವರು ಕಾದು ನಿಲ್ಲುವುದು ಸುಲಭವಾಯಿತು. ಅದಕ್ಕೆ ಪ್ರತಿಯಾಗಿ ರಕ್ಷಕ ಯಾರನ್ನೂ ಕಾಯದೆ ಕೀಯಲ್ಲಿ ಮೂರು ಸೆಕೆಂಡು ಮೀರಿ ನಿಲ್ಲಬಾರದೆಂಬ ನಿಯಮವೂ ಬಂತು. ಹೊರಗಿನ ರಕ್ಷಣೆಯಲ್ಲಿ ಕೈ ತಾಗಿಸುವುದಕ್ಕೆ 2004ರಿಂದ ಬಿಗಿ ಬಿದ್ದಾಗ ಗಾರ್ಡ್‌ಗಳ ದಾರಿ ಸಲೀಸಾಯಿತು. ಇವೆಲ್ಲಕ್ಕಿಂತ ದೊಡ್ಡ ಕಾರಣ ಮೂರು ಅಂಕದ ಎಸೆತದ ಲೆಕ್ಕಾಚಾರ. ಮೈ ನುಗ್ಗಾಗಿಸಿಕೊಂಡು ಗಳಿಸುವ ಎರಡು ಅಂಕಕ್ಕಿಂತ ದೂರದ ಮೂರು ಅಂಕ ಲಾಭಕರವೆಂದು ತಂಡಗಳು ಕಂಡುಕೊಂಡವು.

ಆದರೂ ಪೋಸ್ಟ್ ಅಳಿದಿಲ್ಲ. 2021, 2022 ಮತ್ತು 2024ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದ ಸರ್ಬಿಯದ ನಿಕೋಲಾ ಯೋಕಿಚ್, 2023ರಲ್ಲಿ ಆ ಗೌರವ ಪಡೆದ ಜೋಯೆಲ್ ಎಂಬೀಡ್ ಇಬ್ಬರೂ ಸೆಂಟರ್‌ಗಳೇ. ಯೋಕಿಚ್ ಪೋಸ್ಟ್ ಅನ್ನು ಚೆಂಡು ಹಂಚುವ ಕೇಂದ್ರವಾಗಿ ಬಳಸುತ್ತಾನೆ, ಡೆನರ್ಟ್‌ನ ಹಳೆಯ ಪಿವಟ್‌ಗೆ ಇದು ಹತ್ತಿರದ್ದು. ಮಹಿಳಾ ಆಟದಲ್ಲಿ ಅಮೆರಿಕದ ಡಬ್ಲ್ಯುಎನ್‌ಬಿಎಯ ಎ’ಜಾ ವಿಲ್ಸನ್ ಮತ್ತು ಬ್ರಿಟ್ನಿ ಗ್ರೈನರ್ ಬುಟ್ಟಿಯ ಸಮೀಪದ ಆಟದಿಂದಲೇ ಹೆಸರಾದವರು.

ಭಾರತದಿಂದ ಹೊರಹೊಮ್ಮಿದ ಪೋಸ್ಟ್ ಆಟಗಾರರಲ್ಲಿ ಕೇರಳದ ಗೀತು ಅನ್ನಾ ಜೋಸ್, 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ 52ನೆಯ ಆಯ್ಕೆಯಾಗಿ ಆರಿಸಿಕೊಂಡ ಪಂಜಾಬಿನ ಸತ್ನಾಮ್ ಸಿಂಗ್ ಮುಖ್ಯರು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತ ಸಂಜಾತ ಆಟಗಾರ ಸತ್ನಾಮ್. ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ನಡೆದ ಫಿಬಾ ಮಹಿಳಾ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. 2019ರಲ್ಲಿ ‘ಎ’ ವಿಭಾಗದ ಪಂದ್ಯಗಳೂ ಇದೇ ನಗರದಲ್ಲಿ ನಡೆದವು.

ಭಾರತದ ಪಂದ್ಯಗಳು ಫಿಬಾ ನಿಯಮಗಳಂತೆ ನಡೆಯುತ್ತವೆ. ಟಿವಿಯಲ್ಲಿ ಎನ್‌ಬಿಎ ನೋಡಿ ಪೋಸ್ಟ್ ರಕ್ಷಣೆ ಕಲಿಯುವ ಶಾಲಾ ಕಾಲೇಜು ಆಟಗಾರರೂ ಅವರ ತರಬೇತುದಾರರೂ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು: ಎದುರಾಳಿಯ ಬೆನ್ನಿನ ಮೇಲೆ ಮುಂಗೈ ಇಡಲು, ಅವನ ಕಾಲುಗಳ ನಡುವೆ ಕಾಲು ಇರಿಸಲು ಎನ್‌ಬಿಎ ಕೊಟ್ಟಿರುವ ವಿಶೇಷ ಅನುಮತಿ ಫಿಬಾ ನಿಯಮ ಪುಸ್ತಕದಲ್ಲಿ ಇಲ್ಲ.